ಬಣ್ಣ ಬದಲಿಸುವ ಗಾಜು

ಬಣ್ಣ ಬದಲಿಸುವ ಗಾಜು ಎಂದರೆ ಜ್ವಾಲೆಯಲ್ಲಿಯೋ ಕುಲುಮೆಯಲ್ಲಿಯೋ ಮತ್ತೆ ಕಾಯಿಸಿದಾಗ ಬಣ್ಣ ತಾಳುವ, ಅಥವಾ ಇದ್ದ ಬಣ್ಣವನ್ನು ಮಾರ್ಪಡಿಸಿಕೊಳ್ಳುವ ಗಾಜು. ಮಣಿ, ಪದಕ, ಲೋಲಾಕು ಮೊದಲಾದ ಸಣ್ಣ ವಸ್ತುಗಳ ತಯಾರಿಕೆಯಲ್ಲಿ ಇದರ ಬಳಕೆ ಹೆಚ್ಚು. ಬಿಸಿಲಿಗೆ ಕಪ್ಪಾಗುವ ಕನ್ನಡಕದ ಗಾಜು ಬೇರೆ ಬಗೆಯದು. ಅದರ ಬದಲಾವಣೆ ತಾತ್ಕಾಲಿಕ. ಇಲ್ಲಿ ಎದ್ದ ಬಣ್ಣ ಗಾಜು ತಣಿದ ಮೇಲೂ ಉಳಿಯುತ್ತದೆ.

ಬಣ್ಣ ಏಳುವ ಬಗೆ

ಕೋಬಾಲ್ಟಿನ ನೀಲಿ ಗಾಜಿನಲ್ಲಿ ಲೋಹದ ಅಯಾನುಗಳು ಕರಗಿ ಹರಡಿರುವುದರಿಂದ ಮರುಕಾಯಿಸಿದರೂ ಬಣ್ಣ ಹೆಚ್ಚು ಬದಲಾಗದು. ಚಿನ್ನ, ತಾಮ್ರ, ಬೆಳ್ಳಿಗಳ ನಡೆ ಹಾಗಲ್ಲ. ಚಿನ್ನ ಬೆರೆತ ಗಾಜನ್ನು ಬೇಗ ತಣಿಸಿದರೆ ಅದು ಬಹುತೇಕ ನಿರ್ವರ್ಣವಾಗಿ ಕಾಣುತ್ತದೆ. ಮತ್ತೆ ಕಾಯಿಸಿದಾಗ ಪರಮಾಣುಗಳು ಒಟ್ಟುಗೂಡಿ ಕೆಲವು ನ್ಯಾನೋಮೀಟರ್‌ಗಳಿಂದ ಕೆಲವು ಹತ್ತು ನ್ಯಾನೋಮೀಟರ್‌ಗಳಷ್ಟು ಗಾತ್ರದ ಕಣಗಳಾಗುತ್ತವೆ. ಆಗ ಮಾಣಿಕ್ಯದ ಕೆಂಪು ಏಳುತ್ತದೆ. ಇದಕ್ಕೆ ಬೇಕಾದ ಚಿನ್ನ ಗಾಜಿನ ತೂಕದ ಶೇ. 0.1ಕ್ಕಿಂತ ಬಹಳ ಕಡಿಮೆ. ಕಾಯಿಸುವುದು ಅತಿಯಾದರೆ ಕಣಗಳು ದಪ್ಪಗಾಗಿ ಗಾಜು ಮಬ್ಬು ಕಂದಾಗುತ್ತದೆ. ಆದ್ದರಿಂದ ಬಣ್ಣವನ್ನು ನಿರ್ಧರಿಸುವುದು ಬೆರಕೆಯ ಪಾಕ ಮಾತ್ರವಲ್ಲ; ಗಾಜು ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಇತ್ತೆಂಬುದೂ ಅಷ್ಟೇ ಮುಖ್ಯ.

ಜರ್ಮನಿಯ ಯೋಹಾನ್ ಕುಂಕೆಲ್ 17ನೆಯ ಶತಮಾನದ ಕೊನೆಯಲ್ಲಿ ಚಿನ್ನದ ಕೆಂಪು ಗಾಜನ್ನು ತಯಾರಿಸಿದ್ದರೂ ಅದರ ಕಾರಣ ಬಹುಕಾಲ ತಿಳಿದಿರಲಿಲ್ಲ. ಮೈಕೆಲ್ ಫ್ಯಾರಡೆ 1857ರಲ್ಲಿ ಚಿನ್ನದ ಸೂಕ್ಷ್ಮ ಕಣಗಳ ಬಣ್ಣಗಳ ಕುರಿತು ಬರೆದರು. ಇಂಥ ಕಣಗಳ ಅಧ್ಯಯನಕ್ಕಾಗಿ ರಿಚರ್ಡ್ ಜಿಗ್ಮಾಂಡಿ 1925ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು.

ಜ್ವಾಲೆಯಲ್ಲಿ

ಇಂದಿನ ಕುಶಲಕರ್ಮಿಗಳು ಪ್ರೊಪೇನ್ ಮತ್ತು ಆಮ್ಲಜನಕ ಬೆರೆತ ಟಾರ್ಚನ್ನು ಬಳಸುತ್ತಾರೆ. ಆಮ್ಲಜನಕ ಹೆಚ್ಚಿದ್ದರೆ ಜ್ವಾಲೆ ಉತ್ಕರ್ಷಕ, ಅನಿಲ ಹೆಚ್ಚಿದ್ದರೆ ಅಪಕರ್ಷಕ. ಅಪಕರ್ಷಕ ಜ್ವಾಲೆ ತಾಗಿದಾಗ ಬೆಳ್ಳಿಯುಳ್ಳ ಕೆಲವು ಗಾಜುಗಳ ಮೇಲ್ಮೈಯಲ್ಲಿ ಲೋಹದ ಹೊಳಪು ಮೂಡುತ್ತದೆ; ಸೀಸದ ಗಾಜಾದರೆ ಕಪ್ಪಾಗಿ ಕೆಡುತ್ತದೆ. ಬೆಳ್ಳಿಯ ಗಾಜನ್ನು ಚೆನ್ನಾಗಿ ಕರಗಿಸಿ, ಕೆಂಪುಕಾವು ಆರುವವರೆಗೆ ಜ್ವಾಲೆಯ ಹೊರಗೆ ಹಿಡಿದು, ಬಳಿಕ ಮೆಲ್ಲನೆ ಮತ್ತೆ ಕಾಯಿಸುವುದು ರೂಢಿ. ತಣಿಸುವ ಹೆಜ್ಜೆಯಲ್ಲಿ ಆತುರಪಟ್ಟರೆ ಬಣ್ಣ ಏಳುವುದೇ ಇಲ್ಲ.

ಕುಲುಮೆಯಲ್ಲಿ

ಮಾಡಿದ ವಸ್ತುವನ್ನು ಒಳಗಿನ ಬಿಗುಪು ಕಳೆಯಲು ವಿದ್ಯುತ್ ಕುಲುಮೆಯಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಬೋರೋಸಿಲಿಕೇಟ್ ಗಾಜಿಗೆ ಸುಮಾರು 565 ಡಿಗ್ರಿ ಸೆಲ್ಸಿಯಸ್, ಮೃದು ಗಾಜಿಗೆ 500 ಡಿಗ್ರಿಯ ಆಸುಪಾಸು ಬೇಕು. ಬಣ್ಣ ಇಲ್ಲಿಯೂ ಬೆಳೆಯಬಹುದು. ಜ್ವಾಲೆಯಲ್ಲಿ ಸರಿಯೆನಿಸಿದ ಮಣಿ ಮರುದಿನ ಗಾಢವಾಗಿ ಹೊರಬರುವುದುಂಟು. ಆದುದರಿಂದ ಅನುಭವಿಗಳು ಬೇಕಾದ ಬಣ್ಣಕ್ಕಿಂತ ತುಸು ಮೊದಲೇ ನಿಲ್ಲಿಸುತ್ತಾರೆ. ಈ ಎರಡು ಬಗೆಯ ಗಾಜುಗಳನ್ನು ಒಂದೇ ಮಣಿಯಲ್ಲಿ ಬೆಸೆಯಲಾಗದು. ಅವು ಬಿಸಿಗೆ ಹಿಗ್ಗುವ ಪ್ರಮಾಣ ಬೇರೆಯಾದುದರಿಂದ ತಣಿಯುವಾಗ ಬಿರುಕು ಬಿಡುತ್ತವೆ.

ಸೋಡಿಯಂ ಜ್ವಾಲೆಯ ಹಳದಿ ಬೆಳಕು ಕೆಲಸವನ್ನು ಮರೆಮಾಡುವುದರಿಂದ ಡಿಡಿಮಿಯಂ ಕನ್ನಡಕ ಧರಿಸಬೇಕು. ಕ್ಯಾಡ್ಮಿಯಂ ಮತ್ತು ಸೆಲೆನಿಯಂ ಉಳ್ಳ ಹಳದಿ, ಕಿತ್ತಳೆ, ಕೆಂಪು ಗಾಜುಗಳ ಹೊಗೆ ವಿಷಕಾರಿ. ಹೊಗೆ ಹೊರಗೆಳೆಯುವ ಫ್ಯಾನು ಅಗತ್ಯ.

ಕರ್ನಾಟಕದಲ್ಲಿ

ದಕ್ಷಿಣ ಭಾರತದ ಪ್ರಾಚೀನ ಇಟ್ಟಿಗೆಗೆಂಪು ಗಾಜಿನ ಮಣಿಗಳಿಗೆ ಆ ಬಣ್ಣ ಬಂದಿರುವುದು ತಾಮ್ರದಿಂದ. ಅದೇ ತಾಮ್ರ ಕುಲುಮೆಯಲ್ಲಿ ಗಾಳಿ ಹೆಚ್ಚಾದರೆ ಹಸಿರು ಅಥವಾ ನೀಲಿ ಛಾಯೆ ಕೊಡುತ್ತದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಗಾಜಿನ ಕೆಲಸಕ್ಕೆ ಹೆಸರಾದ ಊರು ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡು. 1800–01ರಲ್ಲಿ ಸಂಸ್ಥಾನದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅಲ್ಲಿನ ಬಳೆ ತಯಾರಿಕೆಯನ್ನು ದಾಖಲಿಸಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳ ಬಳೆಗಳು ಅಲ್ಲಿ ಸಿದ್ಧವಾಗುತ್ತಿದ್ದವು. ಕಚ್ಚಾವಸ್ತುಗಳು ಸುತ್ತಮುತ್ತಲೇ ದೊರೆಯುತ್ತಿದ್ದವು. ಆ ಕುಲುಮೆಗಳು ನಿಂತುಹೋದುದರಿಂದ ಕುಲುಮೆಯ ಕಾವಿನಲ್ಲಿ ಬಣ್ಣವನ್ನು ಹದಮಾಡುವ ಅಲ್ಲಿನ ಕೈಚಳಕವೂ ಕಳೆದುಹೋಯಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸಂತೆ-ಜಾತ್ರೆಗಳಲ್ಲಿ ಇಂದು ಮಾರಾಟವಾಗುವ ಗಾಜಿನ ಬಳೆಗಳಲ್ಲಿ ಹೆಚ್ಚಿನವು ಉತ್ತರ ಪ್ರದೇಶದ ಫಿರೋಜಾಬಾದಿನವು. ಅಲ್ಲಿ ಬಳೆಯ ಎರಡು ತುದಿಗಳನ್ನು ಸಣ್ಣ ಜ್ವಾಲೆಯ ಮೇಲೆ ಒಂದೊಂದಾಗಿ ಕೈಯಿಂದಲೇ ಬೆಸೆಯುತ್ತಾರೆ.