ಸುರಪುರ ಸೀಮೆಯ ರಂಗದೀಪ

ಸುರಪುರವೆಂದೊಡನೆ ಚರಿತ್ರಾಸಕ್ತರ ಸ್ಮರಣೆಗೆ ಮೊದಲು ಬರತಕ್ಕದ್ದು ಅಲ್ಲಿಯ ನಾಯಕರ ಪರಾಕ್ರಮ. ೧೭೦೫ನೆಯ ಇಸವಿಯಲ್ಲಿ ವಾಗಣಗೇರಿಯ ಕೋಟೆಯ ಮುಂದೆ ಮೊಗಲ ಬಾದಶಹ ಔರಂಗಜೇಬನನ್ನೇ ತಡೆದು ನಿಲ್ಲಿಸಿದ ಪಿಡ್ಡನಾಯಕನ ಹೆಸರೂ, ೧೮೫೮ರ ಬಂಡಾಯದಲ್ಲಿ ಎಳೆಯ ಪ್ರಾಯದಲ್ಲಿಯೇ ಅಂತ್ಯಕಂಡ ರಾಜಾ ವೆಂಕಟಪ್ಪನಾಯಕನ ಹೆಸರೂ ಈ ಸೀಮೆಯಲ್ಲಿ ಮನೆಮಾತಾಗಿವೆ. ಆದರೆ ಒಂದು ನಾಡಿನ ಚರಿತ್ರೆಯು ಅದರ ಕಾಳಗಗಳಿಂದಲೇ ಮುಗಿಯುವುದಿಲ್ಲ. ಸುಗ್ಗಿ ಮುಗಿದ ಮೇಲೆ ಜಾತ್ರೆಯ ಬಯಲಿನಲ್ಲಿ ಜನರು ಇರುಳೆಲ್ಲ ಎಚ್ಚತ್ತು ಕುಳಿತು ಆಟ ನೋಡುತ್ತಿದ್ದರಷ್ಟೆ. ಆ ಇರುಳನ್ನು ಬೆಳಗಿದ ದೀಪಕ್ಕೂ ಒಂದು ಚರಿತ್ರೆಯುಂಟು. ಪಂಜಿನಿಂದ ಮೊದಲಾಗಿ ಇಂದಿನ ಎಲ್‌ಇಡಿ ದೀಪದವರೆಗೆ ಬಂದಿರುವ ಆ ಚರಿತ್ರೆಯಲ್ಲಿ ಬೆಳಕು ಬೆಳೆದ ಬಗೆಯೂ, ಆ ಬೆಳಕನ್ನು ಕಾಯುವ ಮನುಷ್ಯನು ದೀಪದಿಂದ ಹೆಜ್ಜೆಹೆಜ್ಜೆಯಾಗಿ ದೂರ ಸರಿದ ಬಗೆಯೂ ಜೊತೆಜೊತೆಯಾಗಿಯೇ ಕಾಣಬರುತ್ತವೆ.

ಬಯಲಾಟದ ಕಾಲದಲ್ಲಿ ದೀಪವೂ ಅದರ ಕಾವಲುಗಾರನೂ ಒಂದೇ ಕಡೆ ಇದ್ದರು. ಅಟ್ಟದ ಎರಡೂ ಬದಿಗೆ ಪಂಜು ಹಿಡಿದವರು ನಿಲ್ಲುತ್ತಿದ್ದರು. ಬಟ್ಟೆಯ ಸುರುಳಿಗೆ ಆಗಾಗ ಎಣ್ಣೆ ಎರೆಯುವುದು, ಗಾಳಿ ಬೀಸಿದ ಕಡೆಗೆ ಬೆನ್ನುಕೊಟ್ಟು ಉರಿಯನ್ನು ತಗ್ಗಿಸುವುದು, ಕಿಡಿ ಬಿದ್ದರೆ ಕಾಲಿನಿಂದ ಹೊಸಕುವುದು, ಇವೆಲ್ಲ ಅವರ ಪಾಲಿನ ಕೆಲಸಗಳು. ರಾಕ್ಷಸಪಾತ್ರವು ಅಬ್ಬರಿಸಿ ಬರುವಾಗ ಉರಿಯ ಮೇಲೆ ರಾಳದ ಪುಡಿಯನ್ನು ಎರಚಿದರೆ ಜ್ವಾಲೆಯು ಭುಗಿಲೆಂದು ಆಳೆತ್ತರಕ್ಕೆ ಏಳುತ್ತಿತ್ತು. ವೇಷದವನ ಕಿರೀಟಕ್ಕೂ ಜರಿಯ ಉಡುಪಿಗೂ ಆ ಉರಿ ತಾಗದಂತೆ, ಕಥೆಯ ಯಾವ ಗಳಿಗೆಯಲ್ಲಿ ಎಷ್ಟು ಹಿಂದೆ ಸರಿಯಬೇಕೆಂಬುದನ್ನು ಪಂಜಿನವನು ಭಾಗವತನಷ್ಟೇ ಚೆನ್ನಾಗಿ ಬಲ್ಲವನಾಗಿರಬೇಕಾಗಿತ್ತು. ಬೆಂಕಿಯು ಬರಿಗಣ್ಣಿಗೆ ಕಾಣುತ್ತಿತ್ತು. ಕಾಣುತ್ತಿದ್ದುದರಿಂದ ಎಲ್ಲರೂ ಅದಕ್ಕೆ ಅಂಜಿ ನಡೆದುಕೊಳ್ಳುತ್ತಿದ್ದರು.

ಇಲ್ಲಿ ಪಂಜು ಉರಿಯುತ್ತಿದ್ದ ಕಾಲಕ್ಕೆ ಯುರೋಪಿನ ಮಹಾನಗರಗಳ ನಾಟಕಗೃಹಗಳಲ್ಲಿ ಕೊಳವೆಯ ಮೂಲಕ ಹರಿದುಬರುವ ಅನಿಲದ ದೀಪಗಳು ಬಳಕೆಗೆ ಬಂದಿದ್ದವು. ಒಂದೇ ಕಡೆ ತಿರುಪನ್ನು ತಿರುಗಿಸಿ ಇಡೀ ರಂಗವನ್ನು ಬೆಳಗಿಸಲೂ ಮಂಕಾಗಿಸಲೂ ಅದರಿಂದ ಸಾಧ್ಯವಾಯಿತು. ದೀಪದ ಬಳಿ ಮನುಷ್ಯನು ನಿಲ್ಲುವ ಅವಶ್ಯಕತೆಯು ಮೊದಲ ಬಾರಿಗೆ ತಪ್ಪಿದ್ದು ಹೀಗೆ. ಇದರ ಬೆಲೆಯೆಷ್ಟೆಂಬುದು ೧೮೮೧ರ ಡಿಸೆಂಬರ್ ೮ರಂದು ವಿಯೆನ್ನಾ ನಗರದ ರಿಂಗ್ ಥಿಯೇಟರಿನಲ್ಲಿ ತಿಳಿದುಬಂತು. ರಂಗದ ಅನಿಲದೀಪಗಳಿಂದ ಹೊತ್ತಿದ ಬೆಂಕಿಯಲ್ಲಿ ಸರಕಾರದ ಲೆಕ್ಕದಂತೆ ೩೮೪ ಜನರು ಮಡಿದರು. ಅನಿಲವನ್ನು ನಿಲ್ಲಿಸಿದೊಡನೆ ಇಡೀ ಮಂದಿರವು ಕತ್ತಲಲ್ಲಿ ಮುಳುಗಿತು. ಇಂಥ ಸಮಯಕ್ಕೆಂದೇ ಇರಿಸಿದ್ದ ಎಣ್ಣೆಯ ದೀಪಗಳು ಉರಿಯುತ್ತಿರಲಿಲ್ಲ. ಬಾಗಿಲು ಕಾಣದೆ ಜನರು ಒಬ್ಬರ ಮೇಲೊಬ್ಬರು ಬಿದ್ದರು. ಬೆಂಕಿಯ ಜೊತೆಗೆ ದೀಪ ಕಾಯುವವರ ಅಲಕ್ಷ್ಯವೂ ಆ ಸಾವುಗಳಿಗೆ ಕಾರಣವಾಯಿತೆನ್ನಬೇಕು.

ಅದೇ ತಿಂಗಳ ೨೮ರಂದು ಲಂಡನ್ನಿನ ಸೆವಾಯ್ ಥಿಯೇಟರಿನಲ್ಲಿ ಇನ್ನೊಂದು ಪ್ರಸಂಗವು ನಡೆಯಿತು. ಸುಮಾರು ೧೨೦೦ ವಿದ್ಯುದ್ದೀಪಗಳಿಂದ ಬೆಳಗಿದ ಆ ಮಂದಿರದ ಒಡೆಯ ರಿಚರ್ಡ್ ಡಾಯ್ಲಿ ಕಾರ್ಟನು ರಂಗದ ಮೇಲೆ ಬಂದು, ಉರಿಯುತ್ತಿದ್ದ ಒಂದು ದೀಪದ ಬುರುಡೆಗೆ ತೆಳುವಾದ ಮಸ್ಲಿನ್ ಬಟ್ಟೆಯನ್ನು ಸುತ್ತಿ ಎಲ್ಲರ ಕಣ್ಣೆದುರಿಗೆ ಅದನ್ನು ಒಡೆದನು. ಬಟ್ಟೆಗೆ ಬೆಂಕಿ ಹತ್ತಲಿಲ್ಲ. ಸಭಿಕರ ಹರ್ಷಕ್ಕೆ ಪಾರವಿರಲಿಲ್ಲ. ಇನ್ನು ಮುಂದೆ ರಂಗದೀಪದಿಂದ ಭಯವಿಲ್ಲವೆಂದು ಜನರು ನಂಬಿದರು. ಆದರೆ ಇಪ್ಪತ್ತೆರಡು ವರ್ಷಗಳ ತರುವಾಯ, ೧೯೦೩ರ ಡಿಸೆಂಬರ್ ೩೦ರಂದು, ಅಮೇರಿಕೆಯ ಶಿಕಾಗೊ ನಗರದ ಇರೋಕ್ವಾ ಥಿಯೇಟರಿನಲ್ಲಿ ಒಂದು ವಿದ್ಯುತ್ ಆರ್ಕ್ ದೀಪದ ಕಿಡಿಯು ಪರದೆಗೆ ತಗಲಿ ಆರುನೂರಕ್ಕೂ ಮಿಕ್ಕಿ ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಹೊಸ ದೀಪವು ಹಳೆಯ ಅಪಾಯವನ್ನು ಕಳೆದರೂ ತನ್ನದೇ ಆದ ಬೇರೊಂದನ್ನು ತರುತ್ತದೆಂಬ ಪಾಠವನ್ನು ಜಗತ್ತು ಹೀಗೆ ಕಲಿಯಿತು.

ಕರ್ನಾಟಕಕ್ಕೆ ಈ ಬೆಳಕು ಬಂದದ್ದು ಬೇರೆ ಬೇರೆ ಕಾಲದಲ್ಲಿ. ಶಿವನಸಮುದ್ರದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ಮುಟ್ಟಿತು. ನಿಜಾಮರ ಆಳ್ವಿಕೆಯಲ್ಲಿದ್ದ ಸುರಪುರದಂಥ ದೂರದ ಸೀಮೆಗಳ ಹಳ್ಳಿಗಳಲ್ಲಾದರೋ ಬಹುಕಾಲ ಗ್ಯಾಸ್‌ಬತ್ತಿಯೇ ರಾತ್ರಿಯ ಸೂರ್ಯನಾಗಿತ್ತು. ಸೀಮೆಎಣ್ಣೆಯನ್ನು ಗಾಳಿಯ ಒತ್ತಡದಿಂದ ಮೇಲೇರಿಸಿ, ಆವಿಯಾಗಿಸಿ, ಮ್ಯಾಂಟಲ್ ಎಂಬ ಬಲೆಯ ಚೀಲದೊಳಗೆ ಉರಿಸುವುದು ಇದರ ಕ್ರಮ. ಆ ಮ್ಯಾಂಟಲನ್ನು ೧೮೮೫ರಲ್ಲಿ ಕಂಡುಹಿಡಿದ ಔಎರ್ ಎಂಬ ರಸಾಯನಜ್ಞನು ಆ ಘೋರ ಅಗ್ನಿಕಾಂಡವನ್ನು ಕಂಡ ವಿಯೆನ್ನಾ ನಗರದವನೇ ಎಂಬುದು ಗಮನಾರ್ಹವಾಗಿದೆ. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿಯ ಕಂಪನಿ, ೧೯೧೬ರಲ್ಲಿ ಗರುಡ ಸದಾಶಿವರಾಯರು ಕಟ್ಟಿದ ಶ್ರೀ ದತ್ತಾತ್ರೇಯ ನಾಟಕ ಮಂಡಳಿ ಮೊದಲಾದ ವೃತ್ತಿನಾಟಕ ಸಂಸ್ಥೆಗಳು ಡೇರೆಯ ಕೆಳಗೆ ಬಣ್ಣದ ಪರದೆಗಳನ್ನೂ ಮಿರುಗುವ ಉಡುಪುಗಳನ್ನೂ ತೋರಿಸಿದಾಗ ಹಳ್ಳಿಯ ತರುಣರಿಗೂ ಹಾಗೆಯೇ ನಾಟಕವಾಡುವ ಹುಮ್ಮಸ್ಸು ಹುಟ್ಟಿತು. ಗ್ಯಾಸ್‌ಬತ್ತಿಗೆ ಗಾಳಿ ಹಾಕುವವನು ಪರದೆಯ ಮರೆಗೆ ಸರಿದಿದ್ದನಾದರೂ ದೀಪದ ಸದ್ದು ಬದಲಾದೊಡನೆ ಓಡಿಬರುವಷ್ಟು ಹತ್ತಿರದಲ್ಲಿಯೇ ಇರುತ್ತಿದ್ದನು.

೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ವಿಮೋಚನೆಗೊಂಡಿತು. ೧೯೫೬ರಲ್ಲಿ ಸುರಪುರವು ಕನ್ನಡನಾಡನ್ನು ಕೂಡಿಕೊಂಡಿತು. ತರುವಾಯದ ದಶಕಗಳಲ್ಲಿ ವಿದ್ಯುತ್ತಿನ ಕಂಬಗಳು ಹಳ್ಳಿಹಳ್ಳಿಗೂ ನಡೆದುಬಂದವು. ಗ್ಯಾಸ್‌ಬತ್ತಿ ಮೂಲೆ ಸೇರಿ, ಸಾವಿರ ವ್ಯಾಟಿನ ಹ್ಯಾಲೊಜನ್ ದೀಪಗಳು ರಂಗವನ್ನೇರಿದವು. ಇವು ನುಂಗುವ ಶಕ್ತಿಯ ಬಹುಭಾಗವು ಬೆಳಕಾಗದೆ ಶಾಖವಾಗಿಯೇ ಹೊರಬೀಳುತ್ತದೆ. ೨೩೦ ವೋಲ್ಟಿನಲ್ಲಿ ಇಂಥ ಒಂದು ದೀಪಕ್ಕೆ ಸುಮಾರು ೪.೩ ಆಂಪಿಯರ್ ಪ್ರವಾಹ ಬೇಕು. ಹತ್ತು ದೀಪಗಳಾದರೆ ೪೩ ಆಂಪಿಯರ್. ಮನೆಯ ಬಳಕೆಯ ಸಣ್ಣ ತಂತಿಯಲ್ಲಿ ಇಷ್ಟನ್ನು ಹರಿಸಿದರೆ ತಂತಿಯು ಒಳಗೊಳಗೇ ಬೆಂದು ಹೋಗುವುದು. ೧೯೮೯ರ ಫೆಬ್ರವರಿ ೮ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣವು ನಡೆಯುತ್ತಿದ್ದಾಗ ಹೊತ್ತಿದ ಬೆಂಕಿಗೆ ೬೨ ಜನರು ಬಲಿಯಾದರು. ಪ್ರಖರವಾದ ದೊಡ್ಡ ದೀಪಗಳು, ಸಡಿಲವಾದ ತಂತಿಜೋಡಣೆ, ಗೋಡೆಗೆ ಹೊದಿಸಿದ ಗೋಣಿತಟ್ಟು, ಗಾಳಿಯಾಡದ ಕೋಣೆ, ಇವೆಲ್ಲ ಅಲ್ಲಿ ಒಟ್ಟುಗೂಡಿದ್ದವೆಂದು ಹೇಳಲಾಗಿದೆ. ಜಾತ್ರೆಯ ನಾಟಕದ ತಡಿಕೆ, ಗೋಣಿತಟ್ಟು, ಪರದೆಗಳನ್ನು ಕಂಡವರಿಗೆ ಈ ವರ್ಣನೆಯು ಅಪರಿಚಿತವೆನಿಸಲಾರದು.

ಈಗ ಬಂದಿರತಕ್ಕದ್ದು ಎಲ್‌ಇಡಿ. ೧೯೬೨ರಲ್ಲಿ ಅಮೇರಿಕೆಯ ನಿಕ್ ಹೊಲೊನ್ಯಾಕರು ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು ತಯಾರಿಸಿದರು. ನೀಲಿ ಬೆಳಕನ್ನು ಸಾಧಿಸಿದ ಜಪಾನಿನ ಅಕಸಾಕಿ, ಅಮಾನೊ ಮತ್ತು ನಕಮುರ ಎಂಬ ಮೂವರಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕೆಂಪು, ಹಸುರು, ನೀಲಿಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ ಅಸಂಖ್ಯ ವರ್ಣಗಳನ್ನು ಪಡೆಯಬಹುದಾದುದರಿಂದ ದೀಪದ ಮುಂದೆ ಬಣ್ಣದ ಹಾಳೆಯನ್ನು ಕಟ್ಟುವ ಕೆಲಸವೇ ಇಲ್ಲವಾಯಿತು. ಇನ್ನೂರು ವ್ಯಾಟಿನ ಹತ್ತು ದೀಪಗಳಿಗೆ ಒಟ್ಟು ಒಂಬತ್ತು ಆಂಪಿಯರಿನಷ್ಟು ಪ್ರವಾಹವೂ ಬೇಕಾಗುವುದಿಲ್ಲ. ಬೆಳಕು ತಣ್ಣಗಿರುತ್ತದೆ; ನಟರಿಗೆ ಬೆವರು ಕಡಮೆ. ಇದು ನಿಜವಾದ ಉಪಕಾರವೇ ಸರಿ. ಆದರೆ ತಣ್ಣಗಿರುವುದು ಬೆಳಕಿನ ಕಿರಣವೇ ಹೊರತು ದೀಪದ ಒಡಲಲ್ಲ. ಡಯೋಡಿನ ಹಿಂದಿರುವ ಲೋಹದ ಹಲ್ಲುಗಳ ಮೂಲಕ ಶಾಖವು ಹೊರಗೆ ಹೋಗಬೇಕು. ಬೇಸಗೆಯ ಬಿಸಿಲು ೪೦ ಡಿಗ್ರಿಯನ್ನು ಮೀರುವ ಈ ಸೀಮೆಯಲ್ಲಿ ಸಂಜೆಯ ಗಾಳಿಯೂ ಬಿಸಿಯಾಗಿಯೇ ಇರುತ್ತದೆ. ಅದರ ಮೇಲೆ ಪರದೆಯನ್ನು ದೀಪಕ್ಕೆ ಒತ್ತಿ ಕಟ್ಟಿದರೆ, ಅಥವಾ ಜಾತ್ರೆಯ ಧೂಳು ಅದರ ಪಂಖೆಯಲ್ಲಿ ತುಂಬಿಕೊಂಡರೆ, ದೀಪವು ಕೆಡುವುದಷ್ಟೇ ಅಲ್ಲ, ಬಟ್ಟೆಯೂ ಸುಡುವ ಸಂಭವವುಂಟು.

ಎರಡನೆಯ ಅಪಾಯವು ಕಣ್ಣಿಗೆ ಕಾಣದ್ದು. ಪ್ರವಾಹ ಕಡಮೆಯೆಂಬ ಧೈರ್ಯದಿಂದ ದೀಪಕ್ಕೆ ದೀಪವನ್ನು ಸರಪಣಿಯಂತೆ ಜೋಡಿಸುತ್ತ ಹೋಗುವುದು ಈಗ ರೂಢಿಯಾಗಿದೆ. ಈ ದೀಪಗಳನ್ನು ಹೊತ್ತಿಸಿದ ಮೊದಲ ಕ್ಷಣದಲ್ಲಿ ಮಾತ್ರ ಅವು ಸಾಮಾನ್ಯಕ್ಕಿಂತ ಅನೇಕ ಪಾಲು ಹೆಚ್ಚಿನ ಪ್ರವಾಹವನ್ನು ಸೆಳೆಯುತ್ತವೆ. ಒಮ್ಮೆಗೇ ಎಲ್ಲವನ್ನೂ ಹೊತ್ತಿಸಿದರೆ ತಡೆಗುಂಡಿ ಬಿದ್ದುಹೋಗುತ್ತದೆ. ಪ್ರತಿಯೊಂದು ದೀಪದಿಂದಲೂ ಅತ್ಯಲ್ಪವಾದ ಸೋರುಪ್ರವಾಹವು ಭೂಮಿಗೆ ಇಳಿಯುತ್ತಿರುತ್ತದೆ. ಹಲವು ದೀಪಗಳದು ಕೂಡಿದಾಗ, ೩೦ ಮಿಲಿಆಂಪಿಯರಿಗೆ ಕಡಿತಗೊಳ್ಳುವ ರಕ್ಷಣಾಯಂತ್ರವು ದೋಷವಿಲ್ಲದಿದ್ದರೂ ಕಡಿತಗೊಳ್ಳುವುದುಂಟು. ನಾಟಕವು ಅರ್ಧದಲ್ಲಿ ನಿಂತು ಜನರು ಸಿಳ್ಳೆ ಹಾಕತೊಡಗಿದರೆ, ಯಾರೋ ಒಬ್ಬನು ಆ ಯಂತ್ರವನ್ನೇ ಬದಿಗಿಟ್ಟು ತಂತಿಯನ್ನು ನೇರವಾಗಿ ಕೂಡಿಸಿಬಿಡುತ್ತಾನೆ. ಇದಕ್ಕಿಂತ ಘಾತುಕವಾದ ಜಾಣತನವು ಇನ್ನೊಂದಿಲ್ಲ. ದೀಪಗಳನ್ನು ಎರಡು ಮೂರು ಸಾಲುಗಳಾಗಿ ಹಂಚಿ, ಒಂದೊಂದು ಸಾಲಿಗೂ ಬೇರೆ ರಕ್ಷಣಾಯಂತ್ರವನ್ನಿಟ್ಟು, ಒಂದಾದ ಮೇಲೊಂದರಂತೆ ಹೊತ್ತಿಸುವುದೇ ಇದಕ್ಕೆ ಸರಿಯಾದ ಉಪಾಯ.

ಭೂಸಂಪರ್ಕದ ವಿಷಯದಲ್ಲಂತೂ ಈ ಸೀಮೆಯ ನೆಲವು ವಿಶೇಷವಾದ ಎಚ್ಚರಿಕೆಯನ್ನು ಬೇಡುತ್ತದೆ. ಸುರಪುರದ ಸುತ್ತಲಿನ ಗುಡ್ಡಗಳು ಕಲ್ಲುಬಂಡೆಯವು. ಕೆಳಗಿನ ಹೊಲಗಳು ಎರೆಭೂಮಿ. ಬಂಡೆಯಲ್ಲಿ ವಿದ್ಯುತ್ತು ಸುಲಭವಾಗಿ ಇಳಿಯದು. ಎರೆಮಣ್ಣು ತೇವವಿರುವಾಗ ಚೆನ್ನಾಗಿ ಒಯ್ಯುತ್ತದಾದರೂ ಬೇಸಗೆಯಲ್ಲಿ ಒಣಗಿ ಬಿರುಕುಬಿಟ್ಟು, ಹುಗಿದ ಸಲಾಕೆಯಿಂದ ದೂರ ಸರಿಯುತ್ತದೆ. ಒಂದು ಮೊಳದ ಕಬ್ಬಿಣದ ತುಂಡನ್ನು ಗೂಟದಂತೆ ಬಡಿದು ಅದಕ್ಕೆ ತಂತಿ ಸುತ್ತಿದರೆ ಭೂಸಂಪರ್ಕವಾಯಿತೆಂದು ತಿಳಿಯುವುದು ಭ್ರಮೆ. ಆಳವಾಗಿ ಹುಗಿದು, ನೀರುಣಿಸಿ, ಅಳೆದು ನೋಡಿದ ಮೇಲೆಯೇ ನಂಬಬೇಕು. ಕಂಬದ ತಂತಿಗೆ ಕೊಕ್ಕೆ ಹಾಕಿ ವಿದ್ಯುತ್ತನ್ನು ಎಳೆದುಕೊಳ್ಳುವುದನ್ನು ಬಿಟ್ಟು, ಜೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ತಾತ್ಕಾಲಿಕ ಸಂಪರ್ಕವನ್ನು ಪಡೆಯುವುದು ಕಾಯಿದೆಗೂ ಕ್ಷೇಮಕ್ಕೂ ಒಪ್ಪುವ ಮಾರ್ಗ.

ಮೂರನೆಯದು ತೂಕ. ಪಂಜು ಬಿದ್ದರೆ ನೆಲಕ್ಕೆ ಬೀಳುತ್ತಿತ್ತು. ತಿರುಗುವ ತಲೆಯ ಎಲ್‌ಇಡಿ ದೀಪವು ಹದಿನೈದರಿಂದ ಮೂವತ್ತು ಕಿಲೋ ತೂಗುವುದಾಗಿ, ನಟರ ನೆತ್ತಿಯ ಮೇಲೆಯೇ ತೂಗಾಡುತ್ತಿರುತ್ತದೆ. ಅದು ತಿರುಗುವಾಗಲೆಲ್ಲ ತನ್ನನ್ನು ಹಿಡಿದ ಕೊಕ್ಕೆಯನ್ನು ಅಲುಗಿಸುತ್ತದೆ. ಆದಕಾರಣ ಕೊಕ್ಕೆಯ ಹೊರತಾಗಿ, ದೀಪದ ಪೂರ್ಣ ಭಾರವನ್ನು ತಡೆಯಬಲ್ಲ ಉಕ್ಕಿನ ಹುರಿಯೊಂದು ಪ್ರತಿಯೊಂದು ದೀಪಕ್ಕೂ ಇರಲೇಬೇಕು. ಆ ಹುರಿಯನ್ನು ಬಿಗಿಯಾದ ಕಬ್ಬಿಣದ ಚೌಕಟ್ಟಿಗೆ ಕಟ್ಟಬೇಕಲ್ಲದೆ ಬಿದಿರಿನ ಗಳಕ್ಕಲ್ಲ. ದೀಪವನ್ನು ಏರಿಸುವಾಗ ಕೆಳಗೆ ಯಾರೂ ನಿಲ್ಲಕೂಡದು. ಪ್ರವಾಹವಿರುವಾಗ ಮೇಲೆ ಯಾರೂ ಕೈಯಾಡಿಸಕೂಡದು.

ಇನ್ನು ಹತೋಟಿಯ ಮಾತು. ೧೯೮೬ರಲ್ಲಿ ಅಮೇರಿಕೆಯಲ್ಲಿ ರೂಪುಗೊಂಡ ಡಿಎಂಎಕ್ಸ್ ೫೧೨ ಎಂಬ ಪದ್ಧತಿಯಂತೆ, ಒಂದೇ ಎಳೆಯ ಮೂಲಕ ೫೧೨ ಬಗೆಯ ಆಜ್ಞೆಗಳನ್ನು ದೀಪಗಳಿಗೆ ಕಳುಹಿಸಬಹುದು. ಒಂದು ಎಳೆಗೆ ೩೨ಕ್ಕಿಂತ ಹೆಚ್ಚು ಉಪಕರಣಗಳನ್ನು ಕೂಡಿಸಬಾರದು. ಎಳೆಯ ಕೊನೆಗೆ ೧೨೦ ಓಮಿನ ಪ್ರತಿರೋಧವನ್ನಿಡಬೇಕು. ಇಲ್ಲವಾದರೆ ದೀಪಗಳು ತಮಗೆ ತೋಚಿದಂತೆ ಮಿನುಗುತ್ತವೆ. ಆಜ್ಞೆಯು ಸರಿಯಾಗಿ ತಲುಪಿತೋ ಇಲ್ಲವೋ ಎಂಬುದನ್ನು ಈ ಪದ್ಧತಿಯು ಮರಳಿ ತಿಳಿಸುವುದಿಲ್ಲ. ಆದುದರಿಂದಲೇ ಮದ್ದುಗುಂಡಿನ ಚಮತ್ಕಾರಗಳನ್ನೂ ಮೇಲಿನಿಂದ ಇಳಿಯುವ ಯಂತ್ರಗಳನ್ನೂ ಇದರಿಂದ ನಡೆಸಕೂಡದೆಂಬ ನಿಷೇಧವಿದೆ. ಕಣ್ಣುಕುಕ್ಕುವಂತೆ ಬಡಬಡನೆ ಮಿಂಚುವ ಬೆಳಕಿನಿಂದ ಮೂರ್ಛೆರೋಗವುಳ್ಳವರಿಗೆ ಅಪಾಯವುಂಟೆಂಬುದನ್ನೂ, ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವರು ಮಕ್ಕಳೆಂಬುದನ್ನೂ ಹತೋಟಿಯ ಮೇಜಿನವನು ಮರೆಯಬಾರದು.

ಆ ಮೇಜು ಇರತಕ್ಕದ್ದು ಎಲ್ಲಿ? ಪ್ರೇಕ್ಷಕರ ಹಿಂದೆ, ರಂಗದಿಂದ ನೂರು ಹೆಜ್ಜೆ ದೂರದಲ್ಲಿ. ಅಲ್ಲಿ ಕುಳಿತವನಿಗೆ ದೀಪದ ಬಣ್ಣ ಕಾಣುತ್ತದೆ. ಕೊಕ್ಕೆ ಸಡಿಲಾದದ್ದು ಕಾಣುವುದಿಲ್ಲ, ತಂತಿ ಬೆಂದ ವಾಸನೆ ಬರುವುದಿಲ್ಲ. ಪಂಜು ಹಿಡಿದವನಿಂದ ಗ್ಯಾಸ್‌ಬತ್ತಿಯವನಿಗೆ, ಅವನಿಂದ ಇವನಿಗೆ ಬರುವಷ್ಟರಲ್ಲಿ ದೀಪವು ಒಂಟಿಯಾಗಿದೆ.

೨೦೦೯ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯು ಹುಟ್ಟಿದಂದಿನಿಂದ ಸುರಪುರವು ಅದರ ತಾಲೂಕಾಗಿದೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಯು ಜನಸಾಗರವನ್ನು ಕೂಡಿಸುತ್ತದೆ. ಸುತ್ತಣ ಊರುಗಳ ಜಾತ್ರೆಗಳಲ್ಲಿ ನಾಟಕವಾಡುವ ಹುಮ್ಮಸ್ಸು ಇನ್ನೂ ಆರಿಲ್ಲ. ಹೊಲದ ಕೆಲಸ ಮುಗಿಸಿ ಬಂದ ಒಕ್ಕಲುಮಕ್ಕಳು ಪೇಟಿ ಮಾಸ್ತರರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಸೀನು, ಉಡುಪು, ದೀಪಗಳನ್ನು ಬಾಡಿಗೆಗೆ ತರುತ್ತಾರೆ. ದೂರದ ಊರುಗಳಿಂದ ಕಲಾವಿದೆಯರನ್ನು ಬರಮಾಡಿಕೊಳ್ಳುತ್ತಾರೆ. ಖರ್ಚಿನ ಪಟ್ಟಿಯಲ್ಲಿ ದೀಪದ ಬಾಡಿಗೆಯಿರುತ್ತದೆ, ದೀಪ ಕಾಯುವವನ ಕೂಲಿಯಿರುವುದಿಲ್ಲ. ಅದೊಂದು ಸಾಲನ್ನು ಪಟ್ಟಿಗೆ ಸೇರಿಸಿದರೆ ಸಾಕು. ಸಂಜೆ ಪ್ರತಿಯೊಂದು ಕೊಕ್ಕೆಯನ್ನೂ ಹುರಿಯನ್ನೂ ಮುಟ್ಟಿ ನೋಡುವವನು, ಆಟ ನಡೆಯುವಷ್ಟು ಹೊತ್ತು ಮುಖ್ಯ ಗುಂಡಿಯ ಬಳಿ ಮರಳಿನ ಬಕೀಟು ಹಾಗೂ ಬೆಂಕಿ ನಂದಿಸುವ ಸಿಲಿಂಡರಿನೊಡನೆ ನಿಲ್ಲುವವನು, ವಿದ್ಯುತ್ತು ಹೋದರೆ ಜನರಿಗೆ ದಾರಿ ತೋರುವ ಬ್ಯಾಟರಿ ದೀಪವನ್ನು ಹೊತ್ತಿಸುವವನು, ಇಂಥ ಒಬ್ಬನು ರಂಗದ ಬದಿಯಲ್ಲಿದ್ದರೆ ಪಂಜಿನವನು ಮರಳಿ ತನ್ನ ಸ್ಥಾನಕ್ಕೆ ಬಂದಂತಾಗುವುದು. ಆಟ ಮುಗಿದು ಬೆಳಗಾದಾಗ, ಬಣ್ಣ ಹಚ್ಚಿದವರೂ ಆಟ ನೋಡಿದವರೂ ಬಂದಂತೆಯೇ ಸುಖವಾಗಿ ತಮ್ಮ ತಮ್ಮ ಮನೆಗಳಿಗೆ ಹಿಂದಿರುಗುವರು.