ಮಾನ್ಯಖೇಟದ ವೈದ್ಯಪರಂಪರೆ ಮತ್ತು ಆಡುಸೋಗೆ

ಮುಧೋಳ, ಮಳಖೇಡಗಳೆರಡೂ ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಊರುಗಳು. ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗದಿಂದಾಗಿ ಸಾಹಿತ್ಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ರಾಜಧಾನಿಗೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಸ್ಥಾನವಿದೆ. ಅದನ್ನು ನೆನೆಯುವವರು ಕಡಿಮೆ. ಜೈನ ಮುನಿ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕೃತಿ ‘ಕಲ್ಯಾಣಕಾರಕ’ದ ಕೊನೆಯಲ್ಲಿ ಹಿತಾಹಿತಾಧ್ಯಾಯವಿದೆ. ಔಷಧಕ್ಕೆ ಮಾಂಸ ಬೇಕಿಲ್ಲವೆಂಬ ವಾದವನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದುದಾಗಿ ಅದು ಹೇಳುತ್ತದೆ. ಆ ನೃಪತುಂಗನು ಅಮೋಘವರ್ಷನೇ (814–878) ಎಂಬುದು ಅನೇಕ ವಿದ್ವಾಂಸರ ಮತ.

ಮಾಂಸವಷ್ಟೇ ಅಲ್ಲ, ಮದ್ಯ ಮತ್ತು ಮಧು ಕೂಡ ಈ ಪರಂಪರೆಗೆ ವರ್ಜ್ಯ. ಜೇನನ್ನು ಬಿಟ್ಟ ವೈದ್ಯನ ಇಕ್ಕಟ್ಟು ಎಂಥದೆಂದು ತಿಳಿಯಲು ಆಡುಸೋಗೆಯೊಂದನ್ನು ನೋಡಿದರೆ ಸಾಕು. ಸಂಸ್ಕೃತದಲ್ಲಿ ಇದು ವಾಸಾ, ಆಟರೂಷ; ಬಿಳಿಯ ಹೂವು ಬಾಯ್ದೆರೆದ ಸಿಂಹದಂತೆ ತೋರುವುದರಿಂದ ಸಿಂಹಾಸ್ಯ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಗೆ ಈ ಕಹಿಸೊಪ್ಪೇ ಅಪವಾದ. ಆಡು ತೊಡದ, ಅಂದರೆ ಮುಟ್ಟದ, ಗಿಡವೆಂಬ ದಕ್ಷಿಣದ ಹೆಸರನ್ನೇ 1753ರಲ್ಲಿ ಲಿನೇಯಸ್ ‘ಜಸ್ಟೀಸಿಯಾ ಅಧಟೋಡ’ ಎಂದು ಸಸ್ಯಶಾಸ್ತ್ರಕ್ಕೆ ಸೇರಿಸಿದನು. ಕೆಮ್ಮು, ಉಬ್ಬಸ, ರಕ್ತಪಿತ್ತಗಳಿಗೆ ಇದರ ಎಲೆಯ ರಸ ಆಯುರ್ವೇದದ ಪ್ರಸಿದ್ಧ ಮದ್ದು. ಅದರ ರೂಢಿಯ ಅನುಪಾನವೇ ಜೇನು. ಜೇನು ಒಲ್ಲದವನಿಗೆ ಉಳಿಯುವುದು ಸಕ್ಕರೆ, ಬೆಲ್ಲ. ಮನೆಯ ಕಷಾಯಕ್ಕೆ ಕಲ್ಲುಸಕ್ಕರೆ ಹಾಕುವವರು ಇಂದಿಗೂ ಇದ್ದಾರೆ.

ಅನುಪಾನ ಬದಲಾದರೂ ಗಿಡದ ಸ್ವಭಾವ ಬದಲಾಗದು. ಆಡುಸೋಗೆಯ ಬೇರನ್ನು ಅರೆದು ಕಿಬ್ಬೊಟ್ಟೆಗೆ ಲೇಪಿಸಿದರೆ ಹೆರಿಗೆ ಸುಲಭವಾಗುವುದೆಂದು ಹಳೆಯ ವೈದ್ಯಸಂಗ್ರಹಗಳು ಹೇಳುತ್ತವೆ. ಇದನ್ನು ಕೇವಲ ಒಂದು ಪ್ರಯೋಗವೆಂದು ಓದಿದರೆ ಅರ್ಧವನ್ನೇ ಓದಿದಂತೆ. ಹೆರಿಗೆಯ ಹೊತ್ತಿನಲ್ಲಿ ಉಪಕಾರವೆನಿಸುವ ಗುಣ ಅದಕ್ಕೆ ಮೊದಲು ಅಪಾಯವೇ ಸರಿ. ಎಲೆಯಲ್ಲಿರುವ ವ್ಯಾಸಿಸೀನ್ ಎಂಬ ಸಾರವು ಗರ್ಭಕೋಶವನ್ನು ಸಂಕೋಚಿಸುವುದೆಂದು ಇಪ್ಪತ್ತನೆಯ ಶತಮಾನದ ಪ್ರಯೋಗಗಳು ತೋರಿಸಿದವು. ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧ ರೂಪುಗೊಂಡದ್ದೂ ಅದೇ ಸಾರದ ಜಾಡಿನಲ್ಲಿ. ಗಿಡಮೂಲಿಕೆಯಾದ್ದರಿಂದ ದೋಷವಿಲ್ಲ ಎನ್ನುವ ಮಾತು ನಮ್ಮ ಕಾಲದ್ದು. ಹಿತದ ಜೊತೆಗೆ ಅಹಿತವನ್ನೂ ಅಧ್ಯಾಯದ ಹೆಸರಿನಲ್ಲೇ ಇಟ್ಟ ಪರಂಪರೆಯ ತಲೆಗೆ ಅದನ್ನು ಕಟ್ಟುವುದು ಸಲ್ಲದು. ಕೆಮ್ಮಿನ ಕಷಾಯವೆಂದು ಬಸುರಿಯರಿಗೆ ಆಡುಸೋಗೆಯನ್ನು ಕೊಡಬಾರದು; ಅತಿಯಾದರೆ ಇತರರಿಗೂ ವಾಂತಿ, ಭೇದಿ ತಪ್ಪಿದ್ದಲ್ಲ.