ಆಟಕ್ಕುಂಟು ಲೆಕ್ಕಕ್ಕಿಲ್ಲ: ಪರ್ಯಾಯ ಪರೀಕ್ಷೆ ಹುಟ್ಟಿದ ಚರಿತ್ರೆ

'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ಮಾತು ನಮಗೆಲ್ಲ ಗೊತ್ತು. ಶಾಲೆಗಳಲ್ಲಿ ಈ ಮಾತಿಗೆ ಸರಿಯಾಗಿ ಹೊಂದುವ ಮಕ್ಕಳಿದ್ದಾರೆ. ಹಾಜರಿ ಪಟ್ಟಿಯಲ್ಲಿ ಹೆಸರಿರುತ್ತದೆ, ಮಧ್ಯಾಹ್ನದ ಊಟದ ಲೆಕ್ಕದಲ್ಲೂ ಇರುತ್ತಾರೆ. ಪರೀಕ್ಷೆ ಬಂತೆಂದರೆ ಮಾತ್ರ "ಅದರದ್ದು ಬಿಡಿ, ಪಾಪ" ಎಂದು ಪಕ್ಕಕ್ಕಿಡುತ್ತೇವೆ.

ನಾನು ಹೇಳುತ್ತಿರುವುದು ಸ್ಕ್ರೈಬ್ ಇಟ್ಟುಕೊಂಡು ಎಸ್ಸೆಸ್ಸೆಲ್ಸಿ ಬರೆಯುವ ಮಕ್ಕಳ ವಿಷಯ ಅಲ್ಲ. ಅವರಿಗೆ ಪ್ರಶ್ನೆಪತ್ರಿಕೆ ಹೊಂದುತ್ತದೆ, ಬರೆಯುವ ಕೈಯೋ ಸಮಯವೋ ಬೇಕಷ್ಟೆ. ಮಾತು ಬಾರದ, ಓದು ಬರಹ ಹತ್ತದ, ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಮಾತು ಬೇರೆ. ಅವರಿಗೆ ಆ ಪ್ರಶ್ನೆಪತ್ರಿಕೆಯೇ ಹೊಂದುವುದಿಲ್ಲ. ಹಾಗಾದರೆ ಅವರು ಕಲಿತದ್ದನ್ನು ಅಳೆಯುವುದು ಹೇಗೆ? ಅಳೆಯಬೇಕೇ? ಈ ಪ್ರಶ್ನೆಯನ್ನು ಕಾನೂನಿನ ಮಟ್ಟದಲ್ಲಿ ಎದುರಿಸಿದ ದೇಶ ಅಮೆರಿಕ. ಆ ಚರಿತ್ರೆ ತಿಳಿದುಕೊಂಡರೆ ನಮಗೂ ಉಪಯೋಗ ಉಂಟು.

1970ರ ಮೊದಲು ಅಲ್ಲಿ ಇಂಥ ಮಕ್ಕಳಿಗೆ ಶಾಲೆಯ ಬಾಗಿಲೇ ಮುಚ್ಚಿತ್ತು. ಕಲಿಯಲಾರದ ಮಗು ಎಂದು ಹೇಳಿ ಸೇರಿಸಿಕೊಳ್ಳದಿರಲು ಹಲವು ರಾಜ್ಯಗಳ ಕಾನೂನಿನಲ್ಲೇ ಅವಕಾಶ ಇತ್ತು. ಪೆನ್ಸಿಲ್ವೇನಿಯಾದಲ್ಲಿ ಪೋಷಕರ ಸಂಘ ಹೂಡಿದ ದಾವೆ 1971ರಲ್ಲಿ ಒಪ್ಪಂದಕ್ಕೆ ಬಂತು. ಯಾವ ಮಗುವೂ ಕಲಿಕೆಗೆ ಹೊರತಲ್ಲ ಎಂದು ರಾಜ್ಯ ಒಪ್ಪಿಕೊಂಡಿತು. 1972ರಲ್ಲಿ ವಾಷಿಂಗ್ಟನ್ ನಗರದ ಮಿಲ್ಸ್ ಮೊಕದ್ದಮೆಯಲ್ಲಿ, ಹಣ ಸಾಲದು ಎಂಬ ನೆಪದಲ್ಲಿ ಈ ಮಕ್ಕಳನ್ನು ಹೊರಗಿಡುವಂತಿಲ್ಲ ಎಂಬ ತೀರ್ಪು ಬಂತು. ಇದರ ಬೆನ್ನಿಗೆ ಬಂದದ್ದೇ 1975ರ ನವೆಂಬರ್ 29ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಶಿಕ್ಷಣ ಕಾನೂನು. ದೇಶದ 80 ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳಲ್ಲಿ 10 ಲಕ್ಷ ಮಕ್ಕಳು ಸರಕಾರಿ ಶಾಲಾ ವ್ಯವಸ್ಥೆಯಿಂದ ಪೂರ್ತಿ ಹೊರಗಿದ್ದಾರೆ ಎಂದು ಆ ಕಾನೂನೇ ಹೇಳಿತ್ತು.

ಬಾಗಿಲೇನೋ ತೆರೆಯಿತು. ಒಳಗೆ ಬಂದ ಮಕ್ಕಳಿಗೆ ಕಲಿಸುವುದು ಏನನ್ನು? ಮೊದಮೊದಲು ಪುಟ್ಟ ಮಕ್ಕಳ ಆಟಿಕೆ, ಮಣಿ ಪೋಣಿಸುವುದು. 1976ರಲ್ಲಿ ಲೂ ಬ್ರೌನ್ ಮತ್ತು ಸಂಗಡಿಗರು, ದೊಡ್ಡವನಾದ ಮೇಲೆ ಬದುಕಿಗೆ ಬೇಕಾದದ್ದನ್ನು ಕಲಿಸಿ ಎಂದರು. ಅಂಗಡಿಯಲ್ಲಿ ಸಾಮಾನು ಕೊಳ್ಳುವುದು, ಬಸ್ಸು ಹತ್ತುವುದು, ಅಡಿಗೆ. ಇದು ದೊಡ್ಡ ಸುಧಾರಣೆಯೇ. ಆದರೆ ಪಕ್ಕದ ತರಗತಿಯ ಪಾಠಕ್ಕೂ ಈ ಮಗುವಿಗೂ ಸಂಬಂಧವೇ ಇಲ್ಲದಂತಾಯಿತು. ಶಾಲೆಯ ಫಲಿತಾಂಶದಲ್ಲಂತೂ ಈ ಮಕ್ಕಳು ಲೆಕ್ಕಕ್ಕೇ ಇರಲಿಲ್ಲ.

ಈ ಸ್ಥಿತಿ ಬದಲಾದದ್ದು ಕೆಂಟಕಿ ಎಂಬ ರಾಜ್ಯದಲ್ಲಿ. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರಾಜ್ಯದ ಇಡೀ ಶಾಲಾ ವ್ಯವಸ್ಥೆಯೇ ಸಂವಿಧಾನಕ್ಕೆ ವಿರುದ್ಧ ಎಂದುಬಿಟ್ಟಿತು. 1990ರಲ್ಲಿ ಹೊಸ ಕಾನೂನು ಬಂತು. ಮಕ್ಕಳ ಅಂಕದ ಮೇಲೆ ಶಾಲೆಗೆ ಬಹುಮಾನ ಅಥವಾ ಶಿಕ್ಷೆ ಎಂದು ನಿಶ್ಚಯವಾಯಿತು. ಆಗ ಎದ್ದ ಪ್ರಶ್ನೆ ಸರಳ: ಶಾಲೆಯನ್ನು ಅಳೆಯುವಾಗ ಕೆಲವು ಮಕ್ಕಳನ್ನು ಬಿಟ್ಟರೆ, ಆ ಮಕ್ಕಳಿಗೆ ಕಲಿಸಲು ಶಾಲೆಗೆ ಕಾರಣವೇನಿರುತ್ತದೆ? ಉತ್ತರವಾಗಿ 1990ರ ದಶಕದ ಮೊದಲ ವರ್ಷಗಳಲ್ಲೇ 'ಪರ್ಯಾಯ ಪೋರ್ಟ್‌ಫೋಲಿಯೋ' ಶುರುವಾಯಿತು.

ಮಗು ಹೇಗೆ ಸಂವಹನ ಮಾಡುತ್ತದೆ, ಅದರ ದಿನಚರಿ ಏನು, ಏನೇನು ಕೆಲಸ ಮಾಡಿದೆ ಎಂಬುದರ ದಾಖಲೆಗಳನ್ನೆಲ್ಲ ಒಂದು ಕಡತದಲ್ಲಿ ಜೋಡಿಸಬೇಕು. ಮನೆಯವರದ್ದೂ ಒಂದು ಪತ್ರ ಇರಬೇಕು. ಇದಕ್ಕೆ ಬರುವ ಅಂಕ ಶಾಲೆಯ ಒಟ್ಟು ಲೆಕ್ಕದಲ್ಲಿ ಬೇರೆ ಯಾವ ಮಗುವಿನ ಅಂಕಕ್ಕೂ ಸಮ. ಮೂಲೆಯ ಕೋಣೆಯಲ್ಲಿದ್ದ ಮಗುವಿಗೂ ತರಗತಿಯ ಮೊದಲಿಗನಿಗೂ ಲೆಕ್ಕದಲ್ಲಿ ಒಂದೇ ತೂಕ! ಹೆಡ್ಮಾಸ್ಟರರು ಆ ಕೋಣೆಯ ಕಡೆ ನೋಡಲೇಬೇಕಾಯಿತು.

1997ರಲ್ಲಿ ರಾಷ್ಟ್ರದ ಕಾನೂನಿಗೆ ತಿದ್ದುಪಡಿ ಬಂದು, 2000ದ ಜುಲೈ 1ರೊಳಗೆ ಎಲ್ಲ ರಾಜ್ಯಗಳೂ ಪರ್ಯಾಯ ಪರೀಕ್ಷೆ ನಡೆಸಬೇಕು ಎಂದಾಯಿತು. 2002ರ ಜನವರಿಯಲ್ಲಿ ಬುಷ್ ಸಹಿ ಹಾಕಿದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾನೂನು 3ರಿಂದ 8ನೇ ತರಗತಿವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಪರ್ಯಾಯ ಪರೀಕ್ಷೆಯೂ ಆಯಾ ತರಗತಿಯ ಪಾಠಕ್ಕೆ ಹೊಂದಿಕೊಂಡೇ ಇರಬೇಕೆಂಬ ನಿಯಮ ಬಂತು.

ಇಲ್ಲಿಂದ ಜಗಳ ಶುರು. ಅಂಗಿಯ ಗುಂಡಿ ಹಾಕಲು ಬಾರದವನಿಗೆ ಭಿನ್ನರಾಶಿ ಯಾಕೆ ಎಂದು ಹಲವು ಶಿಕ್ಷಕರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಇನ್ನೊಂದು ಪಕ್ಷದವರ ಬಲ ಆ್ಯನ್ ಡೊನೆಲನ್ 1984ರಲ್ಲಿ ಹೇಳಿದ ಒಂದು ವಿಚಾರ. ಮಗುವಿನ ಸಾಮರ್ಥ್ಯ ಖಚಿತವಾಗಿ ಗೊತ್ತಿಲ್ಲದಾಗ, ನಮ್ಮ ಊಹೆ ತಪ್ಪಾದರೂ ಮಗುವಿಗೆ ಕಡಿಮೆ ಹಾನಿ ಮಾಡುವಂಥ ಊಹೆಯನ್ನೇ ಇಟ್ಟುಕೊಳ್ಳಬೇಕು. ಕಲಿಯಬಲ್ಲದು ಎಂದು ನಂಬಿ ಕಲಿಸಿ, ಅದು ಕಲಿಯದೇ ಹೋದರೆ ನಷ್ಟ ಸ್ವಲ್ಪ. ಕಲಿಯಲಾರದು ಎಂದು ಬಿಟ್ಟ ಮೇಲೆ, ಅದು ಕಲಿಯಬಲ್ಲದಾಗಿತ್ತು ಎಂದು ಗೊತ್ತಾದರೆ ನಷ್ಟ ಒಂದು ಜೀವಮಾನದ್ದು.

ಪರೀಕ್ಷೆ ನಡೆಸುವ ಕ್ರಮವೂ ಕಾಲಕಾಲಕ್ಕೆ ಬದಲಾಗಿದೆ. ಕಡತ ಮಾಡುವುದರಲ್ಲಿ ಶಿಕ್ಷಕರ ರಾತ್ರಿಗಳು ಕಳೆದುಹೋಗುತ್ತಿದ್ದವು. ಅಂಕ ಸಿಗುವುದು ಮಗುವಿನ ಕಲಿಕೆಗೋ ಟೀಚರ ಅಂದದ ಫೈಲಿಗೋ ಎಂಬ ಸಂಶಯವೂ ಬಂತು. 2010ರಲ್ಲಿ ಸರಕಾರ ಎರಡು ರಾಜ್ಯಕೂಟಗಳಿಗೆ ಹಣ ಕೊಟ್ಟು ಹೊಸ ಪರೀಕ್ಷೆಗಳನ್ನು ಮಾಡಿಸಿತು. ಕಾನ್ಸಾಸ್ ವಿಶ್ವವಿದ್ಯಾಲಯದ 'ಡೈನಮಿಕ್ ಲರ್ನಿಂಗ್ ಮ್ಯಾಪ್ಸ್' ಅವುಗಳಲ್ಲೊಂದು. ಅದು 2014-15ರಲ್ಲಿ ಬಳಕೆಗೆ ಬಂತು. ಒಂದೇ ಪಾಠಾಂಶವನ್ನು ಅದು ಐದು ಮಟ್ಟಗಳಲ್ಲಿ ಇಡುತ್ತದೆ. ನಮ್ಮ ಪಾಠಕ್ಕೆ ಹೊಂದಿಸಿ ಹೇಳುವುದಾದರೆ, ಒಂದು ಕಥೆಯ ಬಗ್ಗೆ ಒಬ್ಬ ಹುಡುಗ 'ಮೊಲ ಯಾಕೆ ಸೋತಿತು' ಎಂದು ಹೇಳಬೇಕು. ಇನ್ನೊಬ್ಬ ಎರಡು ಚಿತ್ರಗಳಲ್ಲಿ ಮೊಲವನ್ನು ಗುರುತಿಸಿದರೆ ಸಾಕು. ಮತ್ತೊಬ್ಬ ಕಥೆಯಲ್ಲಿ ಬರುವ ವಸ್ತುವನ್ನು ಕೈಗೆ ಕೊಟ್ಟಾಗ ಅದರತ್ತ ಗಮನ ಹರಿಸಿದರೂ ಅದು ಉತ್ತರವೇ.

ಪರೀಕ್ಷೆ ಒಬ್ಬ ಮಗುವಿಗೆ ಒಬ್ಬ ಶಿಕ್ಷಕರಂತೆ. ಮಗುವಿಗೆ ಪರಿಚಯದವರೇ ಆಗಿರಬೇಕು, ಅದಕ್ಕೆಂದೇ ತರಬೇತಿ ಪಡೆದಿರಬೇಕು. ಮಗು ಬಾಯಲ್ಲಿ ಹೇಳಬೇಕೆಂದಿಲ್ಲ. ಕಣ್ಣಿನ ನೋಟ, ಬೆರಳು, ಸನ್ನೆ, ಒತ್ತುವ ಸ್ವಿಚ್ಚು, ಚಿತ್ರದ ಹಲಗೆ, ಯಾವುದೂ ಆದೀತು. ಒಂದೇ ಸಲಕ್ಕೆ ಮುಗಿಸಬೇಕೆಂದೂ ಇಲ್ಲ. ಮಗು ದಣಿದರೆ ನಿಲ್ಲಿಸಿ ಮುಂದೆ ನಡೆಸಬಹುದು. ಆದರೆ ಒಂದು ನಿಯಮ ಮಾತ್ರ ಬಿಗಿ: ಉತ್ತರ ಮಗುವಿನದ್ದೇ ಆಗಿರಬೇಕು. ಅದರ ಕೈ ಹಿಡಿದು ಸರಿಯಾದ ಚಿತ್ರದ ಮೇಲೆ ಇಡುವಂತಿಲ್ಲ, ಸರಿ ಉತ್ತರದ ಕಡೆ ಕಣ್ಣು ಹಾಯಿಸುವಂತಿಲ್ಲ, ತಪ್ಪಾದಾಗ ಮುಖ ಸಪ್ಪೆ ಮಾಡುವಂತಿಲ್ಲ. ಮಗುವಿನ ಮೇಲೆ ಪ್ರೀತಿ ಇರುವ ಟೀಚರಿಗೆ ಇದರಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ನಾವು ತೋರಿಸಿಕೊಟ್ಟ ಉತ್ತರದಿಂದ ಮಗುವಿನ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ ಎಂಬುದಕ್ಕಾಗಿ ಈ ನಿಯಮ.

ದುರುಪಯೋಗದ ಭಯವೂ ಇತ್ತು. ಸುಲಭದ ಪರೀಕ್ಷೆ ಇದೆ ಎಂದಾದರೆ ಹಿಂದುಳಿದವರನ್ನೆಲ್ಲ ಅದಕ್ಕೆ ತಳ್ಳಬಹುದಲ್ಲ! ಅದಕ್ಕೆ 2003ರಲ್ಲಿ ಶೇಕಡಾ 1ರ ಮಿತಿ ಬಂತು. ಪರ್ಯಾಯ ಪರೀಕ್ಷೆಯ ತೇರ್ಗಡೆಗಳನ್ನು ಅಷ್ಟಕ್ಕಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯುವಂತಿಲ್ಲ. 2015ರ ಡಿಸೆಂಬರಿನ ಕಾನೂನು ಇನ್ನೂ ಬಿಗಿ ಮಾಡಿ, ಪರೀಕ್ಷೆ ಬರೆಯುವವರ ಸಂಖ್ಯೆಯೇ ರಾಜ್ಯದಲ್ಲಿ ಒಟ್ಟು ಶೇಕಡಾ 1 ಮೀರಬಾರದು ಎಂದಿತು. ಮಗುವನ್ನು ಇದಕ್ಕೆ ಸೇರಿಸಿದರೆ ಮುಂದೆ ಡಿಪ್ಲೊಮಾ ಪಡೆಯಲು ಏನು ತೊಂದರೆ ಆದೀತು ಎಂಬುದನ್ನು ಪೋಷಕರಿಗೆ ತಿಳಿಸಲೇಬೇಕು.

ಈ ಚರಿತ್ರೆಯಲ್ಲಿ ಗಡಿನಾಡಿನ ನಮಗೆ ಹತ್ತಿರವಾದ ಒಂದು ಘಟನೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಶ್ ಮಾತಾಡುವ ಒಂಬತ್ತು ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಮಾಪನ ಪರೀಕ್ಷೆ ಮಾಡಿ, ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಸ್ಪ್ಯಾನಿಶಿನಲ್ಲಿ ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಹೆಚ್ಚಿನವರು ಆ ಗುಂಪಿಗೆ ಸೇರುವವರೇ ಅಲ್ಲ ಎಂದು ತಿಳಿಯಿತು. 1970ರ ಡಯಾನಾ ಮೊಕದ್ದಮೆ ಎಂದು ಇದಕ್ಕೆ ಹೆಸರು. ಮಗುವನ್ನು ಅದರ ಮನೆಮಾತಿನಲ್ಲೇ, ಅದು ಸಂವಹನ ಮಾಡುವ ರೀತಿಯಲ್ಲೇ ಪರೀಕ್ಷಿಸಬೇಕು ಎಂಬ ಮಾತು 1975ರ ಕಾನೂನಿನಲ್ಲೂ ಸೇರಿತು.

ಕಾಸರಗೋಡಿನಲ್ಲಿ ಇದನ್ನು ಓದುವಾಗ ಎಣ್ಮಕಜೆಯಂಥ ಊರುಗಳು ನೆನಪಾಗದೆ ಇರುವುದಿಲ್ಲ. 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಪ್ರದೇಶ ಇದು. ತೀವ್ರ ಅಂಗವೈಕಲ್ಯದ ಮಕ್ಕಳಿಗಾಗಿ ಇಲ್ಲಿ ಪಂಚಾಯತುಗಳ ಬಡ್ಸ್ ಶಾಲೆಗಳಿವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ತಪಾಸಣೆಗೆ ಬರುವವರದ್ದು ಮಲಯಾಳ ಎಂದಾದರೆ, ಮಾತು ಬಾರದ ಮಗು ತಲೆಯಾಡಿಸದಿದ್ದದ್ದು ಅರ್ಥವಾಗದೆಯೋ ಭಾಷೆ ತಿಳಿಯದೆಯೋ? ಮಾತಾಡುವ ಮಗುವಾದರೆ "ನನಗೆ ಆ ಭಾಷೆ ಗೊತ್ತಿಲ್ಲ" ಎಂದಾದರೂ ಹೇಳೀತು.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್, ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ತಕ್ಕ ಬದಲಾವಣೆ ಮಾಡಬೇಕು ಎನ್ನುತ್ತದೆ. ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವು ಅದು ಕೊಡುವ ಉದಾಹರಣೆಗಳು. ಆದರೆ 'ತಕ್ಕ ಬದಲಾವಣೆ' ಎಂಬ ಮಾತು ಅಷ್ಟಕ್ಕೇ ನಿಲ್ಲಬೇಕೆಂದಿಲ್ಲ. ಅಮೆರಿಕದ ಪರೀಕ್ಷೆಯನ್ನು ಹಾಗೆಯೇ ತಂದು ಇಲ್ಲಿ ಹೂಡಬೇಕೆಂದೂ ನಾನು ಹೇಳುವುದಿಲ್ಲ. ಅಂಕದ ಮೇಲೆ ಶಾಲೆಗೆ ಶಿಕ್ಷೆ ಎಂಬ ಅಲ್ಲಿನ ಕ್ರಮಕ್ಕೆ ಅದರದ್ದೇ ತೊಂದರೆಗಳಿವೆ.

ಆದರೂ ಆ ಚರಿತ್ರೆಯಿಂದ ಮೂರು ವಿಷಯ ನಾವು ತೆಗೆದುಕೊಳ್ಳಬಹುದು. ಮಗು 'ಹೌದು', 'ಅಲ್ಲ' ಎಂಬುದನ್ನು ಹೇಗೆ ತೋರಿಸುತ್ತದೆ ಎಂದು ಮನೆಯವರನ್ನು ಕೇಳಿ ಬರೆದಿಡುವುದು. ತರಗತಿಯ ಪಾಠದಲ್ಲೇ ಅದಕ್ಕೆ ಹೊಂದುವ ಒಂದು ತುಣುಕನ್ನು ಆರಿಸಿ, ಅದರ ಮನೆಮಾತಿನಲ್ಲೇ ಕಲಿಸುವುದು. ಜೂನಿನಲ್ಲಿ ಬಾರದ್ದು ಮಾರ್ಚಿಗೆ ಬಂತೇ ಎಂದು ನೋಡಿ ದಾಖಲಿಸುವುದು. ಇದಕ್ಕೆ ಸರಕಾರದ ಆದೇಶ ಬೇಕಾಗಿಲ್ಲ, ಒಂದು ನೋಟ್ ಪುಸ್ತಕ ಸಾಕು. ಮುಂದಿನ ವರ್ಷ ಆ ತರಗತಿಗೆ ಬರುವ ಟೀಚರಿಗೆ ಆ ಪುಸ್ತಕವನ್ನು ದಾಟಿಸಿದರೆ, ಆ ಮಗು ಪ್ರತಿ ಜೂನಿನಲ್ಲೂ ಮೊದಲಿನಿಂದ ಶುರುಮಾಡಬೇಕಾಗಿ ಬರುವುದಿಲ್ಲ.